‘ದ ಕ್ರೂಸಿಬಲ್’ ನಾಟಕದ ಪುಸ್ತಕ: ಕನ್ನಡದಲ್ಲಿ ಆಡಲು ಹೊರಟವರಿಗೆ

ನಗರ್ತಪೇಟೆಯ ಅಕ್ಕಸಾಲಿಗರನ್ನು ಕೇಳಿದರೆ ಚಿನ್ನ ಕರಗಿಸುವ ಪುಟ್ಟ ಪಾತ್ರೆಗೆ ಮೂಸೆ ಅನ್ನುತ್ತಾರೆ. ‘ಕ್ರೂಸಿಬಲ್’ ಅಂದರೆ ಅದೇ. ಆರ್ಥರ್ ಮಿಲ್ಲರ್ ಬರೆದ ಈ ನಾಟಕ ಮೊದಲು ರಂಗಕ್ಕೆ ಬಂದದ್ದು 1953ರ ಜನವರಿಯಲ್ಲಿ, ನ್ಯೂಯಾರ್ಕಿನಲ್ಲಿ. ಕಥೆ ನಡೆಯುವುದು 1692ರಲ್ಲಿ, ಅಮೆರಿಕದ ಸೇಲಂ ಊರಿನಲ್ಲಿ. ಅಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ನೇಣಿಗೇರಿಸಿದರು, ಜೈಲ್ಸ್ ಕೋರಿ ಎಂಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಬೆಂಗಳೂರಿನ ಹವ್ಯಾಸಿ ತಂಡವೊಂದು ಈ ಪುಸ್ತಕ ಕೊಂಡರೆ ಅದರಿಂದ ಏನು ಸಿಗುತ್ತದೆ, ಎಲ್ಲಿ ಎಡವುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಕೊಳ್ಳುವ ಮುಂಚೆ ಮೊದಲ ಅಂಕ ತಿರುವಿ ನೋಡಿ. ಮಾತುಗಳ ನಡುವೆ ಪುಟಗಟ್ಟಲೆ ಗದ್ಯ ಟಿಪ್ಪಣಿ ಇರುವ ಪ್ರತಿಯೇ ಬೇಕು. ಊರಿನ ಸಿರಿವಂತ ಪಟ್ನಮ್‌ಗೆ ಜಮೀನಿನ ಮೇಲಿದ್ದ ಕಣ್ಣು, ಪಾದ್ರಿ ಪ್ಯಾರಿಸ್‌ಗೂ ಊರಿನವರಿಗೂ ಇದ್ದ ಹಳೇ ಜಗಳ, ಎಲ್ಲ ಅದರಲ್ಲಿದೆ. ಅದು ರಂಗದ ಮೇಲೆ ಆಡುವುದಕ್ಕಲ್ಲ, ನಟರು ಓದಿಕೊಳ್ಳುವುದಕ್ಕೆ. ಅದನ್ನು ಓದದ ತಂಡಕ್ಕೆ ಇಡೀ ನಾಟಕ ಅಬಿಗೇಲ್ ಎಂಬ ಹುಡುಗಿಯ ಹಟದ ಕಥೆಯಾಗಿ ಕಾಣುತ್ತದೆ. ಕೆಲವು ಪ್ರತಿಗಳ ಕೊನೆಯಲ್ಲಿ ಎರಡನೇ ಅಂಕಕ್ಕೆ ಸೇರಿದ ಕಾಡಿನ ದೃಶ್ಯವೂ ಇರುತ್ತದೆ. ಮಿಲ್ಲರ್ ಆಮೇಲೆ ಬರೆದು ಸೇರಿಸಿದ್ದು ಅದು. ಬಿಟ್ಟುಬಿಡುವುದೇ ವಾಸಿ. ಎರಡನೇ ಅಂಕದ ಕೊನೆಯಲ್ಲಿ ನಾಯಕ ಜಾನ್ ಪ್ರಾಕ್ಟರನ ಹೆಂಡತಿ ಎಲಿಜಬೆತ್‌ಳ ಕೈಗೆ ಸಂಕೋಲೆ ಬಿದ್ದ ಬಿಗಿಯಲ್ಲೇ ಕೋರ್ಟಿನ ದೃಶ್ಯ ಶುರುವಾಗಬೇಕು.

ಹಕ್ಕಿನ ವಿಚಾರ ಮೊದಲೇ ಇತ್ಯರ್ಥವಾಗಲಿ. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ. ನಮ್ಮ ಕಾನೂನಿನಂತೆ ಹಕ್ಕು ಇನ್ನೂ ಇದೆ. ಅನುವಾದಕ್ಕೊಂದು, ಟಿಕೆಟ್ ಇಟ್ಟು ಆಡುವುದಕ್ಕೊಂದು ಅನುಮತಿ ಬೇಕು. ಪ್ರಾಮಾಣಿಕತೆಯ ನಾಟಕವನ್ನು ಕದ್ದು ಆಡಬಾರದು.

ಇನ್ನು ಭಾಷೆ. ಮಿಲ್ಲರ್ ಆ ಕಾಲದ ಹಳ್ಳಿಗರ ಬಾಯಿಗೆ ಒರಟಾದ ಒಂದು ಇಂಗ್ಲಿಷ್ ಕಟ್ಟಿಕೊಟ್ಟಿದ್ದಾರೆ. ಅದನ್ನು ಗ್ರಾಂಥಿಕ ಕನ್ನಡಕ್ಕೆ ತಂದರೆ ಎಲ್ಲರೂ ಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ. ಹಳೇ ಮೈಸೂರಿನ ಆಡುಮಾತು ರೈತರಿಗೆ, ಬಿಗಿಯಾದ ಕಚೇರಿ ಕನ್ನಡ ನ್ಯಾಯಾಧೀಶ ಡ್ಯಾನ್‌ಫರ್ತ್‌ಗೆ ಎಂದು ಹಂಚಿದರೆ ಕೋರ್ಟಿನ ದೃಶ್ಯಕ್ಕೆ ತಾನಾಗಿಯೇ ಬಲ ಬರುತ್ತದೆ. ಗೃಹಿಣಿಯರನ್ನು ಆ ಕಾಲದಲ್ಲಿ ‘ಗುಡಿ’ ಅಂತ ಕರೆಯುತ್ತಿದ್ದರು. ‘ಗುಡಿ ಪ್ರಾಕ್ಟರ್’ ಅಂತ ಹಾಗೇ ಬಿಟ್ಟರೆ ಪ್ರೇಕ್ಷಕರು ದೇವಸ್ಥಾನ ಅಂದುಕೊಂಡಾರು. ‘ಪ್ರಾಕ್ಟರಮ್ಮ’ ಸಾಕು. ಅದೇ ರೀತಿ ‘ಭಾನಾಮತಿ’ ಎಂಬ ಪದ ತಂದರೆ ಕಲಬುರಗಿ, ಬೀದರ್ ಕಡೆಯ ಬೇರೊಂದು ಲೋಕವೇ ಎದ್ದು ಬರುತ್ತದೆ. ‘ಮಾಟ’ ಎಂದರೆ ಅಷ್ಟು ಭಾರವಿಲ್ಲ, ಕೆಲಸವೂ ಆಗುತ್ತದೆ.

ನಾಟಕದ ಜೀವ ಇರುವುದು ‘ಹೆಸರು’ ಎಂಬ ಒಂದೇ ಮಾತಿನಲ್ಲಿ, ಮತ್ತು ಕನ್ನಡದಲ್ಲಿ ಆ ಮಾತು ತುಂಬ ಚೆನ್ನಾಗಿ ಒದಗುತ್ತದೆ. ಕೋರ್ಟು ಎಲ್ಲರನ್ನೂ ಕೇಳುವುದು ಒಂದೇ, ‘ಹೆಸರು ಹೇಳು’. ಹೇಳಿದವರು ಉಳಿಯುತ್ತಾರೆ. ಜೈಲ್ಸ್ ಕೋರಿ ಮೊದಲ ಅಂಕದಲ್ಲಿ ಹೆಂಡತಿ ಪುಸ್ತಕ ಓದುತ್ತಾಳೆ ಎಂದು ಬಾಯಿತಪ್ಪಿ ಆಡಿದ ಮಾತು ಆಕೆಯನ್ನು ಜೈಲಿಗೆ ತಳ್ಳುತ್ತದೆ. ಮೂರನೇ ಅಂಕದಲ್ಲಿ ಸಾಕ್ಷಿಯ ಹೆಸರು ಕೇಳಿದಾಗ ಅವನು ಬಾಯಿ ಬಿಡುವುದಿಲ್ಲ. ಒಮ್ಮೆ ಹೇಳಿ ಕೆಟ್ಟದ್ದು ಅವನಿಗೆ ಗೊತ್ತು. ಈ ಎರಡು ಕ್ಷಣಗಳ ಕೊಂಡಿ ಕಾಣದಿದ್ದರೆ ಅವನು ಬರೀ ನಗಿಸುವ ಮುದುಕನಾಗುತ್ತಾನೆ, ಆಮೇಲೆ ಕಲ್ಲಿನಡಿಯಿಂದ ‘ಇನ್ನೂ ಹೇರಿ’ ಅಂದನಂತೆ ಎಂಬ ಸುದ್ದಿಗೆ ಬೆಲೆಯೇ ಇರುವುದಿಲ್ಲ. ನಾಟಕ ರಂಗಕ್ಕೆ ಬಂದ ಮೂರು ವರ್ಷಕ್ಕೆ, 1956ರಲ್ಲಿ, ಅಮೆರಿಕದ ಸಂಸತ್ತಿನ ಸಮಿತಿ ಮಿಲ್ಲರ್‌ರನ್ನೇ ಕೂರಿಸಿ ಕಮ್ಯುನಿಸ್ಟ್ ಸಭೆಗಳಲ್ಲಿದ್ದವರ ಹೆಸರು ಕೇಳಿತು. ಅವರು ಕೊಡಲಿಲ್ಲ. ಅದಕ್ಕೆ ಶಿಕ್ಷೆಯಾಯಿತು, 1958ರಲ್ಲಿ ಅದು ರದ್ದಾಯಿತು.

ಅತಿ ಹೆಚ್ಚು ತಾಲೀಮು ಬೇಡುವುದು ಮೂರನೇ ಅಂಕ. ಅಬಿಗೇಲ್ ಜೊತೆಗಿದ್ದ ತನ್ನ ಸಂಬಂಧವನ್ನು ಪ್ರಾಕ್ಟರ್ ಒಪ್ಪಿಕೊಳ್ಳುತ್ತಾನೆ. ತನ್ನ ಹೆಂಡತಿ ಜನ್ಮದಲ್ಲಿ ಸುಳ್ಳಾಡಿದವಳಲ್ಲ, ಅವಳನ್ನೇ ಕೇಳಿ ಅನ್ನುತ್ತಾನೆ. ಅವನನ್ನೂ ಅಬಿಗೇಲ್‌ಳನ್ನೂ ಬೆನ್ನು ತಿರುಗಿಸಿ ನಿಲ್ಲಿಸಿ ಎಲಿಜಬೆತ್‌ಳನ್ನು ಕರೆಸುತ್ತಾರೆ. ಗಂಡನ ಮಾನ ಉಳಿಸಲು ಅವಳು ಸುಳ್ಳು ಹೇಳುತ್ತಾಳೆ, ಆ ಒಂದು ಸುಳ್ಳಿಗೆ ಅವನ ಪ್ರಾಣ ಹೋಗುತ್ತದೆ. ಹರಿಶ್ಚಂದ್ರನ ಕಥೆ ಕೇಳಿ ಬೆಳೆದ ನಮಗೆ ಇದು ಕರುಳಿಗೇ ತಾಕುತ್ತದೆ. ನಟಿ ಇಲ್ಲಿ ಅತ್ತರೆ ದೃಶ್ಯ ಹೋಯಿತು. ಅವಳು ಗಂಡನ ಬೆನ್ನಿನಲ್ಲಿ ಉತ್ತರ ಹುಡುಕಬೇಕು, ಡ್ಯಾನ್‌ಫರ್ತ್ ಅವಳ ಕಣ್ಣನ್ನು ತನ್ನತ್ತ ಎಳೆಯುತ್ತಲೇ ಇರಬೇಕು. ಜೆ.ಪಿ. ನಗರದ ರಂಗಶಂಕರದಲ್ಲಿ ಪ್ರೇಕ್ಷಕರು ಮೂರು ಕಡೆ ಕೂರುವುದರಿಂದ ಪ್ರಾಕ್ಟರನ ಮುಖ ಯಾರಿಗಾದರೂ ಕಂಡೇ ಕಾಣುತ್ತದೆ. ರವೀಂದ್ರ ಕಲಾಕ್ಷೇತ್ರದಲ್ಲಾದರೆ ಅವನನ್ನು ಓರೆಯಾಗಿ ನಿಲ್ಲಿಸದೆ ವಿಧಿಯಿಲ್ಲ.

ಅದೇ ಅಂಕದಲ್ಲಿ ಅಬಿಗೇಲ್ ತನಗೆ ಹಳದಿ ಹಕ್ಕಿಯೊಂದು ಕಾಣುತ್ತಿದೆ ಎಂದು ನಟಿಸುವ ಭಾಗದಲ್ಲಿ ಹುಡುಗಿಯರೆಲ್ಲ ಮೇಲೆ ನೋಡಿ ಕಿರುಚುತ್ತಾರೆ. ಒಬ್ಬೊಬ್ಬರು ಒಂದೊಂದು ಕಡೆ ನೋಡಿದರೆ ಹಕ್ಕಿ ಇಲ್ಲವೆಂದು ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ದೀಪದ ಕಂಬಿಗೆ ಬಿಳಿ ಟೇಪು ಸುತ್ತಿ ಎಲ್ಲರ ಕಣ್ಣೂ ಅಲ್ಲೇ ನೆಡುವಂತೆ ಮಾಡಿ. ಎರಡನೇ ಅಂಕದಲ್ಲಿ ಎಲಿಜಬೆತ್‌ಳ ಮಾಟಕ್ಕೆ ಸಾಕ್ಷಿಯೆಂದು ತೋರಿಸುವ ಗೊಂಬೆಯೊಳಗಿನ ಸೂಜಿಯೂ ಹೀಗೆಯೇ. ಮಾಮೂಲಿ ಸೂಜಿ ಹಿಂದಿನ ಸಾಲಿಗೆ ಕಾಣುವುದಿಲ್ಲ, ಗೋಣಿ ಹೊಲಿಯುವ ದಬ್ಬಣ ಸಿಕ್ಕಿಸಿ.

ನಾಲ್ಕನೇ ಅಂಕವನ್ನು ಅವಸರದಲ್ಲಿ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಕತ್ತರಿಸದೆ ಆಡಿದರೆ ನಾಟಕ ಹೆಚ್ಚುಕಡಿಮೆ ಮೂರು ಗಂಟೆ ಹಿಡಿಯುತ್ತದೆ, ಮೊದಲ ಕತ್ತರಿ ಬೀಳುವುದು ಹೇಲ್ ಪಾದ್ರಿಯ ಮಾತಿಗೆ. ಅದು ದೊಡ್ಡ ತಪ್ಪು. ಜೀವ ದೇವರು ಕೊಟ್ಟದ್ದು, ಯಾವ ತತ್ವಕ್ಕಾಗಿಯೂ ಅದನ್ನು ಕಳೆದುಕೊಳ್ಳಬಾರದು, ಗಂಡನಿಗೆ ಸುಳ್ಳು ಒಪ್ಪಿಕೊಳ್ಳಲು ಹೇಳು ಎಂದು ಅವನು ಎಲಿಜಬೆತ್‌ಗೆ ಅಂಗಲಾಚುತ್ತಾನೆ. ಕೇಳುವವರಿಗೆ ಅದು ಸರಿ ಅನ್ನಿಸಲೇಬೇಕು. ಹಾಗಾದರೆ ಮಾತ್ರ ಸುಳ್ಳಿಗಿಂತ ಸಾವೇ ಮೇಲು ಎಂಬ ಪ್ರಾಕ್ಟರನ ನಿರ್ಧಾರಕ್ಕೆ ತೂಕ.

ಆ ನಿರ್ಧಾರ ಒಂದೇ ಏಟಿಗೆ ಬರುವುದೂ ಇಲ್ಲ. ಮೊದಲು ಬದುಕಬೇಕು ಅನ್ನುತ್ತಾನೆ. ಬಾಯಲ್ಲಿ ಒಪ್ಪಿಕೊಳ್ಳುತ್ತಾನೆ. ರೆಬೆಕಾ ನರ್ಸ್ ಎಂಬ ಮುದುಕಿಯ ಹೆಸರು ಹೇಳು ಅಂದಾಗ ಹೇಳುವುದಿಲ್ಲ, ತನ್ನ ಪಾಪ ಮಾತ್ರ ತನ್ನದು. ಆಮೇಲೆ ಕಾಗದಕ್ಕೆ ಸಹಿಯನ್ನೂ ಹಾಕುತ್ತಾನೆ. ಚರ್ಚಿನ ಬಾಗಿಲಿಗೆ ಅಂಟಿಸಲಿರುವ ಆ ಕಾಗದಕ್ಕೆ ಡ್ಯಾನ್‌ಫರ್ತ್ ಕೈ ಚಾಚಿದಾಗಲೇ ಅವನ ಕೈ ಹಿಂದಕ್ಕೆ ಬರುವುದು. ಈ ಐದು ಮೆಟ್ಟಿಲಿಗೆ ಐದು ಬೇರೆ ಬೇರೆ ನಿಲುಗಡೆ ಬೇಕು. ಕಾಗದ ದಪ್ಪನೆಯದಾಗಿರಲಿ, ಕೊನೆಗೆ ಅವನು ಅದನ್ನು ಹರಿಯುವ ಸದ್ದು ಕೊನೆಯ ಸಾಲಿಗೂ ಕೇಳಬೇಕು. ತೆಳು ಝೆರಾಕ್ಸ್ ಹಾಳೆ ಹರಿದರೆ ಸದ್ದೇ ಬರುವುದಿಲ್ಲ.

ಕೊರತೆಗಳೂ ಇವೆ. ಟಿಟುಬಾ ಎಂಬ ಗುಲಾಮ ಹೆಂಗಸಿಗೆ ಮಿಲ್ಲರ್ ತುಂಬ ಕಡಿಮೆ ಕೊಟ್ಟಿದ್ದಾರೆ. ಅಬಿಗೇಲ್‌ಳ ವಯಸ್ಸನ್ನು 17ಕ್ಕೆ ಏರಿಸಿದ್ದರಿಂದ ತಪ್ಪೆಲ್ಲ ಹೆಣ್ಣಿನ ಆಸೆಯ ಮೇಲೆ ಜಾರುತ್ತದೆ. ಚರಿತ್ರೆಯ ಅಬಿಗೇಲ್‌ಗೆ ಆಗ 11 ಅಥವಾ 12, ಪ್ರಾಕ್ಟರ್‌ಗೆ 60ರ ಆಸುಪಾಸು. ಕರಪತ್ರದಲ್ಲಿ ಎರಡು ಸಾಲು ಈ ಬಗ್ಗೆ ಇರಲಿ.

ಕೊನೆಯ ಕ್ಷಣಕ್ಕೆ ಹಿನ್ನೆಲೆ ಸಂಗೀತ ಬೇಡ. ಪುಸ್ತಕ ಕೇಳುವುದು ಬರೀ ಡ್ರಮ್ಮಿನ ಸದ್ದು ಮತ್ತು ಕಿಟಕಿಯ ಸರಳು ಹಿಡಿದ ಎಲಿಜಬೆತ್‌ಳ ಮುಖದ ಮೇಲೆ ಬೀಳುವ ಬೆಳಗಿನ ಬಿಸಿಲು. ತಮಟೆ ಬಳಸಬೇಡಿ, ನಮ್ಮ ಕಿವಿಗೆ ಅದು ಮೆರವಣಿಗೆಯಾಗಿಬಿಡುತ್ತದೆ. ಬೆಳಕನ್ನು ಒಂದೇ ಕಡೆಯಿಂದ, ನಿಧಾನಕ್ಕೆ ಏರಿಸಿ. ಡ್ರಮ್ಮು ನಿಂತ ಮೇಲೂ ಅವಳು ಸರಳು ಬಿಡಬಾರದು.