ಟೈಡ್‌ಲ್ಯಾಂಡ್: ಭಯವೆಲ್ಲ ಬೆರಳ ತುದಿಯಲ್ಲಿ

ಪುಟ್ಟ ಹುಡುಗಿಯ ಕಥೆ ಅಂತ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಹಾಕಬೇಡಿ. ಟೆರ್ರಿ ಗಿಲಿಯಂ 2005ರಲ್ಲಿ ಮಾಡಿದ ಈ ಸಿನಿಮಾ ದೊಡ್ಡವರಿಗೇ ಕಷ್ಟ. ಡಿವಿಡಿಯಲ್ಲಿ ನಿರ್ದೇಶಕನೇ ಮೊದಲು ಬಂದು, ನಿಮ್ಮಲ್ಲಿ ಸುಮಾರು ಜನಕ್ಕೆ ಇದು ಹಿಡಿಸಲ್ಲ ಅಂತ ಹೇಳಿಬಿಡುತ್ತಾನೆ. ನಮ್ಮ ಯಜಮಾನರು ಅರ್ಧಕ್ಕೇ ಎದ್ದು ಮಲಗಲು ಹೋದರು. ನಾನು ಕೂತೆ.

ಜಿಲೈಜಾ ರೋಸ್‌ಳ ಅಪ್ಪ ಅಮ್ಮ ಇಬ್ಬರಿಗೂ ಡ್ರಗ್ಸ್ ಚಟ. ಅಪ್ಪನಿಗೆ ಸಿರಿಂಜ್ ರೆಡಿ ಮಾಡಿಕೊಡುವವಳು ಮಗಳೇ, ನಮ್ಮ ಮನೆ ಮಕ್ಕಳು ಕಾಫಿ ಲೋಟ ತಂದುಕೊಟ್ಟಷ್ಟು ಸಲೀಸಾಗಿ. ಅಮ್ಮ ಸತ್ತ ಮೇಲೆ ಅಪ್ಪ (ಜೆಫ್ ಬ್ರಿಡ್ಜಸ್) ಅವಳನ್ನು ಬಸ್ ಹತ್ತಿಸಿಕೊಂಡು ತನ್ನ ತಾಯಿಯ ಪಾಳುಮನೆಗೆ ಬರುತ್ತಾನೆ. ಕುರ್ಚಿಯಲ್ಲಿ ಕೂತು ಚುಚ್ಚಿಕೊಳ್ಳುತ್ತಾನೆ. ಮತ್ತೆ ಏಳುವುದಿಲ್ಲ.

ಮಗಳು ಅಳುವುದಿಲ್ಲ. ಹೆಣಕ್ಕೆ ವಿಗ್ ಹಾಕಿ, ಮುಖಕ್ಕೆ ಬಣ್ಣ ಹಚ್ಚಿ, ಮಾತಾಡಿಸುತ್ತಾಳೆ. ಬೆರಳಿಗೆ ಬಾರ್ಬಿ ಗೊಂಬೆಗಳ ತಲೆ ಸಿಕ್ಕಿಸಿಕೊಂಡಿದ್ದಾಳೆ. ಒಂದೊಂದಕ್ಕೂ ಬೇರೆ ಹೆಸರು, ಬೇರೆ ದನಿ. ಹೆದರುವುದು, ಜಗಳ ಆಡುವುದು ಎಲ್ಲ ಆ ತಲೆಗಳೇ. ತನಗೆ ಭಯ ಅಂತ ಅವಳು ಹೇಳಿಕೊಳ್ಳುವುದೇ ಇಲ್ಲ, ಅದನ್ನೆಲ್ಲ ಬೆರಳಿಗೆ ದಾಟಿಸಿದ್ದಾಳೆ! ಈ ಎಲ್ಲ ದನಿಗಳನ್ನೂ ಜಿಲೈಜಾ ಪಾತ್ರ ಮಾಡಿದ ಜೊಡೆಲ್ ಫರ್ಲಾಂಡ್ ಎಂಬ ಮಗುವೇ ಹೊತ್ತಿದೆ. ಬಹಳ ಹೊತ್ತು ತೆರೆಯ ಮೇಲೆ ಅವಳೊಬ್ಬಳೇ, ಆದರೂ ಬೋರ್ ಆಗುವುದಿಲ್ಲ.

ಕನಿಕರ ಹುಟ್ಟಿಸಲು ಸಿನಿಮಾ ಒಂದು ಪಿಟೀಲನ್ನೂ ಕುಯ್ಯಿಸುವುದಿಲ್ಲ. ಅದು ನನಗೆ ಹಿಡಿಸಿತು. ಕ್ಯಾಮೆರಾ ಅವಳ ಎತ್ತರಕ್ಕೇ ಇಳಿದು ಒಣಹುಲ್ಲಿನ ನಡುವೆ ಓಡಾಡುತ್ತದೆ. ಚಿತ್ರೀಕರಣ ಕೆನಡಾದ ಸಸ್ಕ್ಯಾಚವಾನ್‌ನಲ್ಲಿ. ಆ ಬಯಲಲ್ಲಿ ಕೂಗಿದರೂ ಕೇಳುವವರಿಲ್ಲ.

ಆಮೇಲೆ ಪಕ್ಕದ ಮನೆಯ ಡಿಕನ್ಸ್ ಬರುತ್ತಾನೆ. ವಯಸ್ಸಿಗೆ ದೊಡ್ಡವನು, ಬುದ್ಧಿ ಮಗುವಿನದು. ರೈಲನ್ನೇ ದೊಡ್ಡ ಶಾರ್ಕ್ ಅಂದುಕೊಂಡಿದ್ದಾನೆ. ಇಬ್ಬರೂ ಆಡುವಾಗ ಚೆನ್ನಾಗಿದೆ. ಆದರೆ ಮುತ್ತಿನ ದೃಶ್ಯಗಳಲ್ಲಿ ನಾನು ಗೋಡೆ ನೋಡಿದೆ. ಅವರಿಗದು ಬರೀ ಆಟ, ಒಪ್ಪುತ್ತೇನೆ. ಅಷ್ಟು ಸಲ ಬೇಕಿತ್ತಾ? ಕ್ಯಾಮೆರಾ ವಾಲಿಸುವ ಚಾಳಿಯೂ ಜಾಸ್ತಿಯಾಯಿತು, ಎರಡು ತಾಸಿನಲ್ಲಿ ಕತ್ತು ನೋಯುತ್ತದೆ. ಸ್ಯಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಫಿಪ್ರೆಸ್ಕಿ ಪ್ರಶಸ್ತಿ ಬಂದಿದೆ, ಬೈದವರೂ ಬೇಕಾದಷ್ಟಿದ್ದಾರೆ. ನಾನು ಮೊದಲನೇ ಗುಂಪಿನವಳು, ಸ್ವಲ್ಪ ಗೊಣಗುತ್ತಾ.

ಊಟ ಮಾಡುತ್ತಾ ಸಿನಿಮಾ ನೋಡುವ ಅಭ್ಯಾಸವಿದ್ದರೆ ಇದೊಂದಕ್ಕೆ ಬಿಡಿ. ಡಿಕನ್ಸ್‌ನ ಅಕ್ಕ ಡೆಲ್ ಆ ಹೆಣವನ್ನು ಏನು ಮಾಡುತ್ತಾಳೆ ಅಂತ ನಾನು ಹೇಳುವುದಿಲ್ಲ.