ಎರಡೂವರೆ ವರ್ಷ ಬಳಸಿದ ಮೇಲೆ: ನಮ್ಮ 120 ಹರ್ಟ್ಸ್ ಟಿವಿ, ಅದರ ಹಿಂದಿನ ಕೇಬಲ್

ಟಿವಿ ತಂದು ಮೂರು ತಿಂಗಳಾಗಿತ್ತು. ತಮ್ಮ ತನ್ನ ಗೇಮ್ ಆಡುವ ಪ್ಲೇಸ್ಟೇಷನ್ 5 ತಂದು ಜೋಡಿಸಿದ. ಸೆಟ್ಟಿಂಗ್ಸ್ ತೆರೆದವನೇ, "ಅಕ್ಕಾ, ಇಲ್ಲಿ 60 ಹರ್ಟ್ಸ್ ಅಂತಿದೆ. ನಿನ್ನ ಟಿವಿ 120 ಅಲ್ವಾ?" ಅಂದ. 120 ಅಂತಲೇ ಜಾಸ್ತಿ ದುಡ್ಡು ಕೊಟ್ಟು 55 ಇಂಚಿನ 4ಕೆ ಟಿವಿ ತಂದಿದ್ದೆ. ಬಾಕ್ಸ್ ಮೇಲೆ ದೊಡ್ಡದಾಗಿ 240 ಅಂತಲೂ ಇತ್ತು. ನನಗೆ ತುಂಬಾ ಬೇಜಾರಾಯಿತು. ಟಿವಿಯೇ ಸರಿ ಇಲ್ಲ ಅಂದುಕೊಂಡೆ.

ಟಿವಿ ಸರಿಯಾಗೇ ಇತ್ತು. ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಅನ್ನುವ ಲೆಕ್ಕವೇ ಹರ್ಟ್ಸ್. ನಮ್ಮ ಪರದೆಯದು 120. ಬಾಕ್ಸ್ ಮೇಲಿನ 240 ಕಂಪನಿಯ ಸ್ವಂತ ಲೆಕ್ಕ, ಪರದೆಯ ವೇಗವಲ್ಲ. ಕೊಳ್ಳುವಾಗ ಪ್ಯಾನೆಲ್ (ಅಂದರೆ ಪರದೆ) ಎಷ್ಟು ಹರ್ಟ್ಸ್ ಅಂತಲೇ ಕೇಳಿ. 60 ಅಂದರೆ 60, ಅಷ್ಟೇ.

ತಮ್ಮ ಮೊಬೈಲ್ ಟಾರ್ಚ್ ಹಿಡಿದು ಟಿವಿ ಹಿಂದೆ ತಲೆ ಹಾಕಿದ. ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್‌ನಲ್ಲಿ ತರುವ ಎಚ್‌ಡಿಎಂಐ ಪೋರ್ಟ್‌ಗಳು ನಾಲ್ಕಿದ್ದವು. ಎರಡರ ಪಕ್ಕದಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ 4ಕೆ 120 ಅಂತ ಇತ್ತು. ನಾವು ಸಿಕ್ಕಿಸಿದ್ದು ಬೇರೆಯದಕ್ಕೆ! ಸರಿಯಾದ ಪೋರ್ಟ್‌ಗೆ ಬದಲಿಸಿ, ಟಿವಿ ಮೆನುವಿನಲ್ಲಿ ಆ ಪೋರ್ಟ್‌ನ ಸಿಗ್ನಲ್ ಸೆಟ್ಟಿಂಗ್ ಆನ್ ಮಾಡಿದೆವು. 120 ಬಂತು. ಆದರೆ ಆಟದ ಮಧ್ಯೆ ಪರದೆ ಎರಡು ಸೆಕೆಂಡ್ ಪೂರ್ತಿ ಕಪ್ಪಾಗುತ್ತಿತ್ತು. ಈಗ ತಪ್ಪು ಕೇಬಲ್‌ದು. ಅದು ಹಳೆಯ ಟಿವಿಯ ಕಾಲದ್ದು.

4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಅಷ್ಟೂ ಚುಕ್ಕೆಗಳ ಬಣ್ಣ ಸೆಕೆಂಡಿಗೆ 120 ಸಲ ಆ ತಂತಿಯೊಳಗೆ ಹಾದು ಬರಬೇಕು. 2013ರ ಎಚ್‌ಡಿಎಂಐ 2.0 ಆವೃತ್ತಿ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಒಯ್ಯುತ್ತದೆ, 4ಕೆ 60ಕ್ಕೆ ಅದು ಸಾಕು. 2017ರ 2.1ರಲ್ಲಿ ಅದು 48ಕ್ಕೆ ಏರಿತು. ಅದಕ್ಕೆ ಬೇಕಾದ ಕೇಬಲ್‌ನ ಹೆಸರು 'ಅಲ್ಟ್ರಾ ಹೈ ಸ್ಪೀಡ್'.

ಭಾಯಂದರ್‌ನಿಂದ ಲೋಕಲ್ ರೈಲು ಹತ್ತಿ ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ '8ಕೆ' ಅಂತ ಬರೆದ ಅಗ್ಗದ ಕೇಬಲ್ ಕೊಟ್ಟರು. ಮನೆಗೆ ತಂದು ಹಾಕಿದರೆ ಕಪ್ಪು ದೃಶ್ಯಗಳಲ್ಲಿ ಬಿಳಿ ಚುಕ್ಕೆಗಳು ಉಪ್ಪು ಉದುರಿಸಿದ ಹಾಗೆ ಮಿನುಗುತ್ತಿದ್ದವು. ಇನ್ನೊಂದು ಅಂಗಡಿಯವರು ತುಂಬಾ ದುಬಾರಿಯದು ತೋರಿಸಿ, "ಕಲರ್ ಜಾಸ್ತಿ ಬರುತ್ತೆ" ಅಂದರು. ಇದನ್ನು ದಯವಿಟ್ಟು ನಂಬಬೇಡಿ. ಕೇಬಲ್‌ನಲ್ಲಿ ಬರುವುದು ಬರೀ ಸೊನ್ನೆ, ಒಂದುಗಳು. ಅವು ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ ಬರುತ್ತದೆ. ತಲುಪದಿದ್ದರೆ ಚುಕ್ಕೆ ಬರುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ದುಡ್ಡು ಜಾಸ್ತಿ ಕೊಟ್ಟರೆ ಬಣ್ಣ ಜಾಸ್ತಿ ಆಗುವುದಿಲ್ಲ.

ಕೊನೆಗೆ ತಂದದ್ದು ಎರಡು ಮೀಟರಿನ ಅಲ್ಟ್ರಾ ಹೈ ಸ್ಪೀಡ್ ಕೇಬಲ್. ಬಾಕ್ಸ್ ಮೇಲೆ ಸ್ಕ್ಯಾನ್ ಮಾಡುವ ಕ್ಯೂಆರ್ ಲೇಬಲ್ ಇತ್ತು. ಅಂಗಡಿಯಲ್ಲೇ ನಿಂತು ಸ್ಕ್ಯಾನ್ ಮಾಡಿ ಅಸಲಿಯೇ ಅಂತ ನೋಡಿದೆ. ಎರಡೂವರೆ ವರ್ಷವಾಯಿತು, ಒಂದು ಸಲವೂ ಪರದೆ ಕಪ್ಪಾಗಿಲ್ಲ. ಉದ್ದ ಬೇಕೇ ಬೇಕು ಅನ್ನುವವರು ಹುಷಾರಾಗಿರಿ. ಐದು ಮೀಟರ್ ದಾಟಿದರೆ ತಾಮ್ರದ ತಂತಿಗೆ ಈ ವೇಗ ಕಷ್ಟ. ಆಗ ಫೈಬರ್ ಕೇಬಲ್ ಬೇಕಾಗುತ್ತದೆ. ಅದರಲ್ಲಿ ಯಾವ ತುದಿ ಟಿವಿಗೆ ಅಂತ ನೋಡಿಯೇ ಹಾಕಬೇಕು.

ಚಿನ್ನದ ಲೇಪದ ಬಗ್ಗೆ ಒಂದು ಮಾತು. ಅದರಿಂದ ಚಿತ್ರ ಚೆನ್ನಾಗಿ ಬರುತ್ತದೆ ಅನ್ನುವುದು ಸುಳ್ಳು. ಆದರೆ ನಮ್ಮ ಮನೆ ಖಾಡಿಯ (ಸಮುದ್ರದ ಹಿನ್ನೀರಿನ) ಹತ್ತಿರ, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಹಳೆಯ ಕೇಬಲ್‌ನ ತುದಿ ಮಂಕಾಗಿ ಕಪ್ಪು ಕಲೆ ಹಿಡಿದಿತ್ತು. ಚಿನ್ನದ ಲೇಪದ ಈ ಹೊಸ ಕೇಬಲ್‌ನ ತುದಿ ಹೋದ ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದೆ, ಹೊಸದರಂತೆಯೇ ಇತ್ತು. ಲೇಪದ ಉಪಯೋಗ ಇಷ್ಟಕ್ಕೇ.

ಆಟ ಆಡದವರಿಗೆ 120 ಬೇಕಾ? ಸಿನಿಮಾ ನೋಡುವವರಿಗೆ ಉಪಯೋಗ ಇದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. 60ನ್ನು 24ರಿಂದ ಸರಿಯಾಗಿ ಭಾಗಿಸಲು ಆಗುವುದಿಲ್ಲ. ಹಾಗಾಗಿ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ಬದಿಗೆ ಸರಿಯುವಾಗ ದೃಶ್ಯ ತಡವರಿಸುವುದು ಅದಕ್ಕೇ. 120ರಲ್ಲಿ ಪ್ರತಿ ಚಿತ್ರ ಸರಿಯಾಗಿ ಐದು ಸಲ. ತೆಂಗಿನ ಸಾಲು ಸರಿಯುವ ದೃಶ್ಯದಲ್ಲಿ ಈ ವ್ಯತ್ಯಾಸ ನನ್ನ ಕಣ್ಣಿಗೇ ಕಂಡಿದೆ. ಮೋಷನ್ ಸ್ಮೂತಿಂಗ್ ಮಾತ್ರ ಆಫ್ ಇಡಿ. ಅದು ಇಲ್ಲದ ಚಿತ್ರಗಳನ್ನು ನಡುವೆ ಸೇರಿಸಿ ಸಿನಿಮಾವನ್ನು ಟಿವಿ ಧಾರಾವಾಹಿಯ ಹಾಗೆ ಮಾಡಿಬಿಡುತ್ತದೆ. "ಇದ್ಯಾಕೆ ಹೀಗೆ ಜಾರುತ್ತೆ?" ಅಂತ ಅಮ್ಮನೇ ಮೊದಲು ಕಂಡುಹಿಡಿದದ್ದು. ಅಮ್ಮನ ಸೆಟ್‌ಟಾಪ್ ಬಾಕ್ಸ್‌ಗೆ ಹಳೆಯ ಕೇಬಲನ್ನೇ ತುದಿ ಒರೆಸಿ ಹಾಕಿದ್ದೇನೆ, ಅದಕ್ಕೆ ಅಷ್ಟು ಸಾಕು. ಸುಮ್ನೆ ಹೊಸದಕ್ಕೆ ದುಡ್ಡು ಹಾಕಬೇಡಿ.

ನನ್ನ ಒಂದೇ ದೂರು ಟಿವಿಯ ಮೇಲೆ. 120 ಬರುವ ಎರಡು ಪೋರ್ಟ್‌ಗಳಲ್ಲಿ ಒಂದು, ಟಿವಿಯ ಧ್ವನಿಯನ್ನು ಸೌಂಡ್‌ಬಾರ್‌ಗೆ ಕಳಿಸುವ ಇಆರ್ಕ್ ಪೋರ್ಟ್ ಕೂಡ. ಸೌಂಡ್‌ಬಾರ್ ಹಾಕಿದರೆ ಉಳಿಯುವುದು ಒಂದು. ತಮ್ಮ ಈಗ ಗೇಮಿಂಗ್ ಕಂಪ್ಯೂಟರ್ ತರುತ್ತೇನೆ ಅಂತಿದ್ದಾನೆ. ಅದನ್ನು ಎಲ್ಲಿ ಸಿಕ್ಕಿಸುವುದು?