ಟ್ಯೂಬ್ ಹಾಕಿದ್ದು ಚೆನ್ನಾಗಿತ್ತು, ಮನೆಗೆ ಕಳಿಸಿದ್ದು ಚೆನ್ನಾಗಿರಲಿಲ್ಲ

22 ವರ್ಷದ ನನ್ನ ತಮ್ಮನಿಗೆ ಯಾವ ಪೆಟ್ಟೂ ಬೀಳದೆ ಬಲಗಡೆಯ ಶ್ವಾಸಕೋಶದಿಂದ ಎದೆಯೊಳಗೆ ಗಾಳಿ ಸೋರಿ, ಅದು ಕುಸಿದು, ನಮ್ಮೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಐದು ದಿನ ಇರಬೇಕಾಯಿತು. ಅಲ್ಲಿನ ತುರ್ತು ಚಿಕಿತ್ಸೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಎಕ್ಸ್‌ರೇ ನೋಡಿದ ಕೂಡಲೇ ಪಕ್ಕೆಲುಬುಗಳ ನಡುವೆ ಟ್ಯೂಬ್ ಇಳಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯೊಳಗೆ ಮುಳುಗಿಸಿದರು. ಬಾಟಲಿಯನ್ನು ಎದೆಯ ಮಟ್ಟಕ್ಕೆ ಎತ್ತಲೇಬಾರದೆಂದು ರಾತ್ರಿ ಪಾಳಿಯ ಸಿಸ್ಟರ್ ಮೂರು ಸಲ ಹೇಳಿದರು. ಕೆಮ್ಮಿದಾಗಲೆಲ್ಲ ಅದರಲ್ಲಿ ಏಳುತ್ತಿದ್ದ ಗುಳ್ಳೆಗಳನ್ನು ಅಮ್ಮ ಎಣಿಸುತ್ತಾ ಕೂತಿದ್ದರು. ಮೂರನೆಯ ದಿನ ಅವು ನಿಂತವು, ಅಂದರೆ ಸೋರಿಕೆ ನಿಂತಿತ್ತು.

ಕೊರತೆ ಕಂಡದ್ದು ಡಿಸ್ಚಾರ್ಜ್ ದಿನ. ಸಮ್ಮರಿಯಲ್ಲಿ ನೋವಿನ ಮಾತ್ರೆ ಮತ್ತು ಹೊಲಿಗೆ ಬಿಚ್ಚುವ ತಾರೀಖು ಬಿಟ್ಟರೆ ಬೇರೇನೂ ಇರಲಿಲ್ಲ. ಇದು ಮತ್ತೆ ಬರಬಹುದೇ ಎಂದು ಕೇಳಿದರೆ ಡ್ಯೂಟಿ ಡಾಕ್ಟರು, "ಹಾಗೇನೂ ಆಗೋದಿಲ್ಲ, ಧೈರ್ಯವಾಗಿರಿ" ಎಂದು ಮುಂದಿನ ಹಾಸಿಗೆಗೆ ಹೋದರು.

ಸಮಾಧಾನವಾಗದೆ ಬೇರೊಬ್ಬ ಎದೆರೋಗ ತಜ್ಞರ ಬಳಿ ಹೋದಾಗ, ಆ ಧೈರ್ಯಕ್ಕೆ ಆಧಾರವಿಲ್ಲವೆಂದು ತಿಳಿಯಿತು. ಟ್ಯೂಬ್ ಸೋರಿದ ಗಾಳಿಯನ್ನು ಹೊರತೆಗೆಯುತ್ತದೆಯೇ ಹೊರತು, ಶ್ವಾಸಕೋಶದ ಮೇಲ್ತುದಿಯಲ್ಲಿ ಒಡೆಯಲು ಕಾದಿರುವ ತೆಳುಗೋಡೆಯ ಗುಳ್ಳೆಗಳನ್ನು ತೆಗೆಯುವುದಿಲ್ಲ. ಹೀಗಾಗಿ ಮೊದಲ ಸಲ ಕುಸಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಮರುಕಳಿಸುತ್ತದೆ; ಬಹುಪಾಲು ಮೊದಲ ವರ್ಷದಲ್ಲೇ. ಎರಡನೆಯ ಸಲವೂ ಕುಸಿದರೆ, ಸಣ್ಣ ರಂಧ್ರಗಳ ಮೂಲಕ ಆ ಗುಳ್ಳೆಗಳನ್ನು ಕತ್ತರಿಸಿ, ಶ್ವಾಸಕೋಶದ ಪೊರೆಯನ್ನು ಎದೆಗೋಡೆಗೆ ಅಂಟಿಸುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ. ಅದಾದ ಮೇಲೆ ಅಪಾಯ ನೂರಕ್ಕೆ 5ರ ಆಸುಪಾಸಿಗೆ ಇಳಿಯುತ್ತದೆ. ಸಿಗರೇಟು ಬಿಡುವುದು ಮಾತ್ರ ಎರಡನೆಯ ಸಲಕ್ಕೆ ಕಾಯುವ ವಿಷಯವಲ್ಲ. (ತಮ್ಮ ಸೇದುತ್ತಾನೆಂಬುದು ಅಮ್ಮನಿಗೆ ತಿಳಿದದ್ದೂ ಆ ಕೋಣೆಯಲ್ಲೇ.)

ಕುಸಿತ ಪೂರ್ತಿ ಮಾಯವಾಗಿದೆಯೆಂದು ಎಕ್ಸ್‌ರೇ ತೋರಿಸಿದ ಮೇಲೂ ಒಂದು ವಾರ ವಿಮಾನ ಹತ್ತಬಾರದು. ಎರಡೂ ಕಡೆ ಶಸ್ತ್ರಚಿಕಿತ್ಸೆಯಾಗದ ಹೊರತು ಸ್ಕೂಬಾ ಡೈವಿಂಗ್ ಜೀವಮಾನಕ್ಕೂ ಬೇಡ. ನಮ್ಮ ಹುಡುಗ ಮುಂದಿನ ತಿಂಗಳು ಗೆಳೆಯರೊಡನೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವಿಂಗ್ ಮಾಡಲು ಮುಂಗಡ ಕಟ್ಟಿದ್ದ. ಮೊದಲ ಆಸ್ಪತ್ರೆಯ ಸಮ್ಮರಿಯನ್ನೇ ನಂಬಿದ್ದರೆ ಅವನು ನೀರಿಗೆ ಇಳಿಯುತ್ತಿದ್ದ.

ತುರ್ತು ಬಂದರೆ ನಾನು ಮತ್ತೆ ಅದೇ ಆಸ್ಪತ್ರೆಗೆ ಓಡುತ್ತೇನೆ, ಏಕೆಂದರೆ ಟ್ಯೂಬ್ ಹಾಕುವ ಕೈಗಳು ಅಲ್ಲಿ ಪಳಗಿವೆ. ಆದರೆ ಈ ನಾಲ್ಕು ಮಾತುಗಳನ್ನು ಸಮ್ಮರಿಯಲ್ಲಿ ಬರೆಸಿಕೊಳ್ಳದೆ ಬಿಲ್ಲಿನ ಕೌಂಟರಿಗೆ ಹೋಗುವುದಿಲ್ಲ.